ಕಾಲು ಕಿಲೋಗೆ ಒಂದು ಗ್ರಾಂ ಕಮ್ಮಿ

ತೂಕ ಕೇಳಿದರೆ ಮುಖ ತಿರುಗಿಸುವವರೇ ತುಂಬಿರುವ ಈ ಲೋಕಕ್ಕೆ, ತನ್ನ ತೂಕವನ್ನು ತಾನೇ ಮೈಮೇಲೆ ಅಚ್ಚು ಹಾಕಿಸಿಕೊಂಡ ವಸ್ತುವೊಂದು 2019ರಲ್ಲಿ ಬಂತು. ಚೀನಾದ ಡಿಜೆಐ ಕಂಪನಿಯ ಮಾವಿಕ್ ಮಿನಿ ಎಂಬ ಡ್ರೋನ್. 249 ಗ್ರಾಂ. ನಮ್ಮ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕಾಲು ಕಿಲೋ ಕಾಫಿಪುಡಿ ಕಟ್ಟಿಸಿಕೊಂಡು ಅದರಿಂದ ಒಂದು ಚಿಟಿಕೆ ತೆಗೆದರೆ ಎಷ್ಟೋ ಅಷ್ಟು. ಜಪಾನಿಗೆ ಹೋಗುವಾಗ ಮಾತ್ರ ಇದೇ ಡ್ರೋನು ಸಣ್ಣ ಬ್ಯಾಟರಿ ಹಾಕಿಕೊಂಡು 199 ಗ್ರಾಂ ಆಗಿಬಿಡುತ್ತಿತ್ತು. ಅಲ್ಲಿನ ಕಾನೂನಿನ ಗೆರೆ ಆಗ 200ರಲ್ಲಿತ್ತು. 2022ರಲ್ಲಿ ಜಪಾನಿನವರು ಆ ಗೆರೆಯನ್ನು 100ಕ್ಕೆ ಇಳಿಸಿದರು. ಪಾಪ, ಪಥ್ಯ ಮಾಡಿ ಮೈ ಇಳಿಸಿಕೊಂಡು ಬಂದವನ ಮುಂದೆ ಗೆರೆಯನ್ನೇ ಸರಿಸುವ ಸರ್ಕಾರಗಳು ಬೇರೆ ಕಡೆಯೂ ಇವೆ ಎಂದು ತಿಳಿದು ನನಗೆ ಎಷ್ಟೋ ಸಮಾಧಾನವಾಯಿತು.

250ರ ಲೆಕ್ಕ ಹುಟ್ಟಿದ್ದು ಅಮೆರಿಕದಲ್ಲಿ. 2015ರಲ್ಲಿ ಅಲ್ಲಿನ ವಿಮಾನಯಾನ ಆಡಳಿತ ನೇಮಿಸಿದ ಸಮಿತಿಯೊಂದು, ಕೆಟ್ಟು ಕೆಳಗೆ ಬಿದ್ದ ಡ್ರೋನು ದಾರಿಹೋಕನ ತಲೆಗೆ ಬಡಿದರೆ ಅವನ ಗತಿ ಏನು ಎಂದು ಕೂತು ಗುಣಿಸಿ ಭಾಗಿಸಿ, 250 ಗ್ರಾಂ ತನಕ ನೋಂದಣಿ ಕೇಳದೆ ಬಿಡಬಹುದು ಎಂದಿತು. ನಮ್ಮ ದೇಶದಲ್ಲಿ 2021ರ ಆಗಸ್ಟ್ 25ರಂದು ಬಂದ ಡ್ರೋನ್ ನಿಯಮಗಳೂ ಮೊದಲ ಗೆರೆಯನ್ನು ಅಲ್ಲಿಯೇ ಎಳೆದವು. 250 ಗ್ರಾಂವರೆಗೆ ನ್ಯಾನೋ, 2 ಕಿಲೋವರೆಗೆ ಮೈಕ್ರೋ, 25 ಕಿಲೋವರೆಗೆ ಸಣ್ಣದು, 150ರವರೆಗೆ ಮಧ್ಯಮ, ಅದರಾಚೆ ದೊಡ್ಡದು. ನ್ಯಾನೋ ಹಾರಿಸುವವನಿಗೆ ಪೈಲಟ್ ಪ್ರಮಾಣಪತ್ರ ಬೇಡ. ನಮ್ಮ ಕೋಟೆ ಆಂಜನೇಯಸ್ವಾಮಿ ಸಂಜೀವಿನಿ ಬೆಟ್ಟ ಹೊತ್ತು ಈಗ ಬಂದಿದ್ದರೆ ನೇರ ಕೊನೆಯ ವರ್ಗಕ್ಕೆ ಬೀಳುತ್ತಿದ್ದ. ಅವನು ಪ್ರಮಾಣಪತ್ರ, ವಿಮೆ, ಪರವಾನಗಿ ಎಲ್ಲ ತೋರಿಸಿ ಮುಗಿಸುವಷ್ಟರಲ್ಲಿ ಲಕ್ಷ್ಮಣನಿಗೆ ಏನಾಗುತ್ತಿತ್ತೋ, ನೆನೆಸಿಕೊಳ್ಳುವುದೇ ಬೇಡ.

ನನಗೆ ಡ್ರೋನಿನ ಹುಚ್ಚು ಹಿಡಿದದ್ದಕ್ಕೆ ನನ್ನ ಕಸುಬೇ ಕಾರಣ. ಭೂಗೋಳದ ಮೇಷ್ಟ್ರು ನಾನು. ನೆಲದ ಮೇಲೆ ನಿಂತುಕೊಂಡೇ, ಆಕಾಶದಿಂದ ನೋಡಿದವನ ಧೈರ್ಯದಲ್ಲಿ, ಕರಿಹಲಗೆ ಮೇಲೆ ಊರು ಕೇರಿ ಬರೆದು ಸಂಬಳ ಎಣಿಸಿದವನು. ಗಾಜನೂರು ಅಣೆಕಟ್ಟು ದಾಟಿ ಬರುವ ತುಂಗೆ ನಮ್ಮ ಕೋಟೆಯ ಪಕ್ಕೆ ಸವರಿಕೊಂಡು ಮುಂದೆ ಕೂಡ್ಲಿಯಲ್ಲಿ ಭದ್ರೆಯನ್ನು ಕೂಡುವುದನ್ನು ಕಣ್ಣು ಮುಚ್ಚಿಕೊಂಡು ಬರೆದು ತೋರಿಸಬಲ್ಲೆ. ಆದರೆ ಶಿವಪ್ಪನಾಯಕನ ಅರಮನೆ, ಅದರ ಹಿಂದಿನ ಹೊಳೆ, ಈಚೆಗೆ ನಮ್ಮ ಹಂಚಿನ ಮಾಡು, ಇಷ್ಟನ್ನೂ ಒಟ್ಟಿಗೆ ಮೇಲಿನಿಂದ ಕಂಡವನಲ್ಲ. ನಿವೃತ್ತಿಯ ದುಡ್ಡು ಕೈಗೆ ಬಂದಾಗ, ನಾನು ಬರೆದ ನಕಾಶೆಗಳೆಲ್ಲ ಸರಿಯಿದ್ದವೇ ಎಂದು ಒಮ್ಮೆ ತಾಳೆ ನೋಡಬೇಕೆನ್ನಿಸಿತು.

ಅಕ್ಕನ ಮಗ ಭದ್ರಾವತಿಯ ನ್ಯೂಟೌನಿನಿಂದ ಬಂದು ಕೂತ. ಇಂಜಿನಿಯರಿಂಗ್ ಓದುವ ಹುಡುಗ, ಯಾವುದನ್ನು ಕೇಳಿದರೂ ಎರಡನ್ನು ಪಕ್ಕಪಕ್ಕ ಇಟ್ಟೇ ಮಾತಾಡುವವನು.

“ಮಾವ, ಹೊಸಬರಿಗೆ ಆಗೋದು ಎರಡೇ. ಒಂದು ನಿಯೋ, ಇನ್ನೊಂದು ಫ್ಲಿಪ್. ಎರಡೂ ಡಿಜೆಐದೇ.”

ನಿಯೋ 2024ರ ಸೆಪ್ಟೆಂಬರಿನದು. 135 ಗ್ರಾಂ. ಅಂಗೈ ಮೇಲಿಂದ ಏಳುತ್ತದೆ, ಅಂಗೈ ಮೇಲೇ ಬಂದು ಇಳಿಯುತ್ತದೆ. ರಿಮೋಟ್ ಇಲ್ಲದೆಯೂ ಹಾರುತ್ತದೆ. ಒಂದು ಬ್ಯಾಟರಿಗೆ ಹೆಚ್ಚೆಂದರೆ 18 ನಿಮಿಷ. ಅಮೆರಿಕದಲ್ಲಿ 199 ಡಾಲರ್‌ಗೆ ಬಿಟ್ಟರು. ಫ್ಲಿಪ್ 2025ರ ಜನವರಿಯದು. 249ರ ಒಳಗೇ ತೂಕ, 31 ನಿಮಿಷ ಹಾರಾಟ, ರೆಕ್ಕೆಗಳ ಸುತ್ತ ಮಡಿಸಿಡಬಹುದಾದ ಬಲೆ, ಕ್ಯಾಮೆರಾ ಅಲುಗದಂತೆ ಮೂರು ದಿಕ್ಕಿನಲ್ಲೂ ಹಿಡಿದು ನಿಲ್ಲಿಸುವ ಗಿಂಬಲ್. ಬಿಟ್ಟಾಗ ಬೆಲೆ 439 ಡಾಲರ್. ನಿಯೋದ ಗಿಂಬಲ್ ಒಂದೇ ದಿಕ್ಕಿನದು. ಮಿಕ್ಕ ಅಲುಗಾಟವನ್ನು ಅದು ಲೆಕ್ಕ ಹಾಕಿ ಅಳಿಸುತ್ತದಂತೆ.

ಅವನ ಜೊತೆ ಬಂದಿದ್ದ ಭಾವ ಅಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದರು. 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯಾಗಿ ಕೆಲಸ ಶುರು ಮಾಡಿ ಈಗ ವಿಐಎಸ್‌ಎಲ್ ಆಗಿರುವ ಕಡೆ ಜೀವ ಸವೆಸಿದವರು. ಟನ್ನಿಗಿಂತ ಕೆಳಗಿನ ಅಳತೆ ಅವರ ಬಾಯಿಗೆ ಬರುವುದೇ ಕಷ್ಟ.

“135 ಗ್ರಾಮಾ? ಅಷ್ಟನ್ನ ನಾವು ತೂಕ ಅಂತಿರ್ಲಿಲ್ಲ ಕಣಯ್ಯಾ. ಧೂಳು ಅಂತಿದ್ವಿ, ಗುಡಿಸಿ ಹಾಕ್ತಿದ್ವಿ.”

ಹುಡುಗ ಅಪ್ಪನ ಮಾತನ್ನು ಕಿವಿಗೆ ಹಾಕಿಕೊಳ್ಳದೆ ನಿಯೋದ ಇನ್ನೊಂದು ಗುಣ ಬಣ್ಣಿಸಿದ. ಬಾಯಲ್ಲಿ ಹೇಳಿದರೂ ಸಾಕಂತೆ, ಕೇಳುತ್ತದಂತೆ. ಯಾವ ಭಾಷೆ ಎಂದು ನನ್ನ ಹೆಂಡತಿ ಒಳಗಿನಿಂದಲೇ ಕೇಳಿದಳು. ಇಂಗ್ಲಿಷು ಮತ್ತು ಚೀನೀ.

“ಕನ್ನಡ ಬರಲ್ವಾ? ಹಾಗಾದ್ರೆ ಇವರ ಹತ್ರ ಅದು ಹೇಗೆ ಬದುಕುತ್ತೆ?”

ಪ್ರಶ್ನೆ ನ್ಯಾಯವಾದದ್ದೇ. ನನ್ನ ಇಂಗ್ಲಿಷು ಕನ್ನಡ ಮಾಧ್ಯಮದ್ದು, ಸಮಾಧಾನವಾಗಿ ಯೋಚಿಸಿ ವಾಕ್ಯ ಕಟ್ಟುವಂಥದು. ಡ್ರೋನು ಪಕ್ಕದ ಮನೆ ಗೋಡೆಯತ್ತ ಧಾವಿಸುತ್ತಿರುವಾಗ ನಾನು ವ್ಯಾಕರಣ ಸರಿ ಮಾಡಿಕೊಳ್ಳುತ್ತ ನಿಂತಿರುವ ಚಿತ್ರ ಕಣ್ಣಮುಂದೆ ಬಂತು. ಗಾಬರಿಯಲ್ಲಿ ನನ್ನ ಬಾಯಿಂದ ಬರುವುದು “ಏಯ್, ಬಾರೋ ಈಚೆ!” ಮಾತ್ರ. ಅದಕ್ಕೆ ಕಿವಿಗೊಡುವ ಯಂತ್ರ ಇನ್ನೂ ಬಂದಿಲ್ಲ. ಇಷ್ಟಾಗಿ, ಹೊಸ ಕಲಿಕೆಯವನು ಓಣಿಯಲ್ಲಿ ಹಾರಿಸುವುದಾದರೆ ನಿಯೋ ವಾಸಿ ಎಂದೇ ನನ್ನ ಅಭಿಪ್ರಾಯ. ರೆಕ್ಕೆಗಳ ಸುತ್ತ ಕಟಕಟೆಯಿದೆ, ಯಾರಿಗಾದರೂ ತಾಗಿದರೂ ಬೆರಳು ಹೋಗುವುದಿಲ್ಲ. ಸದ್ದು ಮಾತ್ರ ತುಸು ಕೀರಲು. ಮಧ್ಯಾಹ್ನ ಮಲಗುವ ಬೀದಿಗಳಲ್ಲಿ ಇದು ಸಣ್ಣ ವಿಷಯವಲ್ಲ.

ಡ್ರೋನೆಂದರೆ ನಮ್ಮ ಬೀದಿಗೆ ಹೊಸದೇನೂ ಅಲ್ಲ. ಗಣಪತಿ ಮೆರವಣಿಗೆಯ ದಿನ ಪೊಲೀಸರದು ಮೇಲೆ ನಿಂತಿರುತ್ತದೆ. ಮದುವೆಗಳಲ್ಲಂತೂ ಮುಹೂರ್ತಕ್ಕೆ ಸರಿಯಾಗಿ ಛತ್ರದೊಳಗೇ ಒಂದು ಗುಂಯ್‌ಗುಟ್ಟುತ್ತ ಇಳಿದು ಬರುತ್ತದೆ. ಅದರ ಗಾಳಿಗೆ ವಧೂವರರ ಮೇಲೆ ಬೀಳಬೇಕಾದ ಅಕ್ಷತೆ ಬೀಗರ ಕಣ್ಣಿಗೆ ಬೀಳುತ್ತದೆ. ಪುರೋಹಿತರು ಹೆಗಲ ಮೇಲಿನ ಉತ್ತರೀಯವನ್ನು ಒಂದು ಕೈಲಿ ಹಿಡಿದುಕೊಂಡೇ ಮಾಂಗಲ್ಯಧಾರಣೆ ಮುಗಿಸುವುದನ್ನು ನೋಡಿದ್ದೇನೆ. ಆದರೆ ಅವೆಲ್ಲ ಬಂದು ಹೋಗುವ ಡ್ರೋನುಗಳು. ಬೀದಿಯಲ್ಲೇ ಒಂದು ಕಾಯಂ ಆಗಿ ಇರುತ್ತದೆ ಎಂದರೆ ಮಾತೇ ಬೇರೆ.

ಸುದ್ದಿ ಹಬ್ಬಿದ್ದೇ ತಡ, ಅರ್ಜಿಗಳು ಬರತೊಡಗಿದವು. ಮೂಲೆಮನೆಯ ಪುರೋಹಿತರಿಗೆ ತಾರಸಿಯ ಸಿಂಟೆಕ್ಸ್ ತುಂಬಿತೋ ಇಲ್ಲವೋ ಮೆಟ್ಟಿಲು ಹತ್ತದೆ ತಿಳಿಯಬೇಕು. ಹಿಂದಿನ ಮನೆಯವರಿಗೆ ಕೋತಿಗಳ ದಂಡು ಯಾವ ಕಡೆಯಿಂದ ಬರುತ್ತದೆಂದು ಪತ್ತೆಯಾಗಬೇಕು. ತೀರ್ಥಹಳ್ಳಿ ಕಡೆ ತೋಟವಿರುವ ಸ್ನೇಹಿತರೊಬ್ಬರು, ಕೊಳೆರೋಗಕ್ಕೆ ಬೋರ್ಡೋ ಹೊಡೆಯಲು ಇದರಿಂದ ಆಗುತ್ತದೆಯೇ ಎಂದು ಫೋನು ಮಾಡಿದರು. ಕಾಫಿಪುಡಿಯ ತೂಕದ ವಸ್ತುವಿಗೆ ದ್ರಾವಣದ ಕ್ಯಾನು ಕಟ್ಟುವುದು ಹೇಗೆಂದು ನನಗೆ ಹೊಳೆಯಲಿಲ್ಲ. ಸಿಂಪಡಣೆಯ ಡ್ರೋನುಗಳ ಜಾತಿಯೇ ಬೇರೆ ಎಂದು ಬಿಡಿಸಿ ಹೇಳಿದೆ. ಅವರಿಗೆ ಬೇಸರವಾಯಿತು. “ಮತ್ತೆಂತಕ್ಕೆ ಮಾರಾಯ್ರೇ ಅದು?” ಎಂದರು.

ಎಂತಕ್ಕೆ ಎಂದರೆ ಮಂಟಪಕ್ಕೆ. ಮಳೆಗಾಲದಲ್ಲಿ ತುಂಗೆ ಏರಿ ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗಿತೆಂದರೆ ಶಿವಮೊಗ್ಗದವರಿಗೆ ಮಳೆ ಬಂದದ್ದು ಖಾತ್ರಿಯಾಗುತ್ತದೆ. ಹವಾಮಾನ ಇಲಾಖೆ ಎಷ್ಟೇ ಮಿಲಿಮೀಟರ್ ಹೇಳಲಿ, ಮಂಟಪ ಎಷ್ಟು ಮುಳುಗಿದೆ ಎಂಬುದೇ ನಮ್ಮ ಅಳತೆ. ಜನ ಕೊಡೆ ಹಿಡಿದು ಸಾಲುಗಟ್ಟಿ ಹೋಗಿ ನೋಡಿ, ಕೈಮುಗಿದು, ಒಂದು ಫೋಟೊ ಹೊಡೆದುಕೊಂಡು ಬರುತ್ತಾರೆ. ಆ ಕೆಂಪು ನೀರನ್ನೂ ಮಂಟಪವನ್ನೂ ಮೇಲಿನಿಂದ ಹಿಡಿಯಬೇಕೆಂಬುದು ನನ್ನ ಆಸೆ. ಇದನ್ನು ಹೇಳಿದಾಗ ಹುಡುಗ ಮೊದಲ ಬಾರಿಗೆ ಸುಮ್ಮನಾದ.

“ಮಾವ, ಎರಡೂ ಮಳೇಲಿ ಹಾರೋ ಹಾಗಿಲ್ಲ.”

ಮಂಟಪ ಮುಳುಗುವುದೇ ಮಳೆಯಲ್ಲಿ. ಮಳೆ ಬಿಡುವು ಕೊಟ್ಟ ಹೊತ್ತು ನೋಡಿ ಹಾರಿಸೋಣ ಎಂದೆ. ಅದಕ್ಕೂ ಅವನ ಹತ್ತಿರ ತಕರಾರಿತ್ತು. ಈ ಪುಟ್ಟ ಡ್ರೋನುಗಳು ಹೊಟ್ಟೆಯಡಿಯ ಕಣ್ಣಿನಿಂದ ನೆಲದ ಗುರುತುಗಳನ್ನು ನೋಡುತ್ತ ತಾವಿರುವ ಜಾಗ ಹಿಡಿದಿಟ್ಟುಕೊಳ್ಳುತ್ತವೆ. ಕೆಳಗೆ ಕಲ್ಲು, ಹಂಚು, ಹುಲ್ಲು ಇದ್ದರೆ ಸರಿ. ಹರಿಯುವ ನೀರಿನ ಮೇಲೆ ಗುರುತೇ ನಿಲ್ಲುವುದಿಲ್ಲ. ಕೆಳಗಿನದೇ ಸರಿಯುತ್ತಿದ್ದರೆ, ಸರಿದದ್ದು ತಾನೋ ನೀರೋ ಎಂದು ಅದಕ್ಕೆ ಗೊಂದಲ. ನಿಯೋಗಂತೂ ನೀರಿನ ಮೇಲೆ ಹಾರಿಸಬೇಡಿ ಎಂಬ ಎಚ್ಚರಿಕೆಯೇ ಇದೆ. ಹೊಳೆಯ ಮೇಲಿನ ಗಾಳಿ ಬೇರೆ. ನಿಯೋ ತಡೆಯುವುದು ಸೆಕೆಂಡಿಗೆ 8 ಮೀಟರಿನ ಗಾಳಿ, ಫ್ಲಿಪ್ 10.7ರವರೆಗೆ. ಹೊಳೆಗೇ ಹೋಗುವುದಾದರೆ ಫ್ಲಿಪ್ ಎಂದು ಮನಸ್ಸು ವಾಲಿತು. ಅರಮನೆಯ ಮೇಲೆ ಸುತ್ತು ಹಾಕುವ ಹದ್ದು, ಗರುಡಗಳಿಗೆ ಎರಡೂ ಒಂದೇ. ತಮ್ಮ ಗಡಿಯೊಳಗೆ ಬಂದ ಡ್ರೋನಿಗೆ ಅವು ಬಡಿಯುವಾಗ ತೂಕ ನೋಡುವುದಿಲ್ಲ.

ಇನ್ನೂ ದೊಡ್ಡ ಪಕ್ಷಿಯ ವಿಚಾರ ಉಳಿದಿತ್ತು. ಸೋಗಾನೆಯ ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಯಿತು. ಅದೇ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕರ ವಿಮಾನ ಬಂದಿಳಿಯಿತು. ಕಮಲದ ಆಕಾರದ ಕಟ್ಟಡ, 3.2 ಕಿಲೋಮೀಟರ್ ಓಡುಹಾದಿ, ಶಿವಮೊಗ್ಗಕ್ಕೂ ಹತ್ತಿರ, ಭದ್ರಾವತಿಗೂ ದೂರವಿಲ್ಲ. ಈ ಹೆಮ್ಮೆಯ ಅಡಿಯಲ್ಲಿ ನನ್ನಂಥವರಿಗೆ ಒಂದು ತೊಡಕು. ಕೆಲಸ ಮಾಡುತ್ತಿರುವ ನಿಲ್ದಾಣದ ಸರಹದ್ದಿನಿಂದ 8ರಿಂದ 12 ಕಿಲೋಮೀಟರ್ ದೂರದಲ್ಲಿ 200 ಅಡಿವರೆಗೆ ಮಾತ್ರ ಹಸಿರು ವಲಯ, ಅದರ ಮೇಲೆ ಹಳದಿ. 8ರ ಒಳಗೆ ಹಸಿರೇ ಇಲ್ಲ, ಅನುಮತಿ ಕೇಳಬೇಕು. ನಮ್ಮ ಕೋಟೆ ಆ 8ರ ಗೆರೆಯ ಆಸುಪಾಸಿನಲ್ಲೇ ಬರುತ್ತದೆ. ಈ ವಲಯಗಳನ್ನು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕಾಶೆಯನ್ನು ಮೊಬೈಲಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದೆವು. ದೇವರಮನೆಯಿಂದ ಹಾರಿಸಬಹುದೇ, ಜಗುಲಿಯಿಂದಲೇ, ಬಚ್ಚಲು ಯಾವ ಬಣ್ಣದಲ್ಲಿದೆ ಎಂದು ಚರ್ಚೆ ನಡೆಯಿತು. ಭೂಗೋಳದ ಮೇಷ್ಟ್ರ ಮನೆಯಲ್ಲಿ ಅಕ್ಷಾಂಶ ರೇಖಾಂಶಗಳಿಗೆ ಇಷ್ಟು ಗೌರವ ಅದಕ್ಕೆ ಮುಂಚೆ ಸಿಕ್ಕಿರಲಿಲ್ಲ. ನಿಲ್ದಾಣಕ್ಕೆ ಇಟ್ಟಿರುವುದು ರಾಷ್ಟ್ರಕವಿ ಕುವೆಂಪು ಅವರ ಹೆಸರು. ಬಾನಿನಲ್ಲಿ ಸಾಗುವ ಹಕ್ಕಿಸಾಲು ದೇವರ ರುಜುವಾಗಿ ಕಂಡದ್ದು ಆ ಕವಿಗೆ. ಅದೇ ಬಾನಿಗೆ ಈಗ ನಾಗರಿಕ ವಿಮಾನಯಾನ ಇಲಾಖೆಯ ರುಜು ಬೇಕು.

ಇಷ್ಟೆಲ್ಲ ಆದಮೇಲೆ, ಊಟಕ್ಕೆ ಕೂತಾಗ, ಹುಡುಗ ಇನ್ನೊಂದು ವಿಷಯ ಬಾಯಿಬಿಟ್ಟ. 2022ರ ಫೆಬ್ರವರಿ 9ರಿಂದ ಹೊರದೇಶದ ಡ್ರೋನುಗಳ ಆಮದಿಗೇ ನಿಷೇಧ. ರಕ್ಷಣೆ, ಭದ್ರತೆ, ಸಂಶೋಧನೆಯವರಿಗೆ ಮಾತ್ರ ವಿನಾಯಿತಿ. ನಿಯೋ, ಫ್ಲಿಪ್ ಎರಡೂ ಹುಟ್ಟಿದ್ದೇ ನಿಷೇಧ ಬಂದಮೇಲೆ.

“ಇದನ್ನ ಮೊದಲೇ ಹೇಳೋದಲ್ವೇನೋ?”

“ಯಾವುದು ಒಳ್ಳೇದು ಅಂತ ಕೇಳಿದ್ರಿ ಮಾವ, ಸಿಗುತ್ತಾ ಅಂತ ಎಲ್ಲಿ ಕೇಳಿದ್ರಿ?”

ದುಬೈನಲ್ಲಿರುವ ಗೆಳೆಯನೊಬ್ಬ ಬಟ್ಟೆಗಳ ನಡುವೆ ಸುತ್ತಿ ತಂದುಕೊಡಬಹುದು ಎಂದು ದನಿ ತಗ್ಗಿಸಿ ಸೂಚಿಸಿದ. ಮಕ್ಕಳಿಗೆ ದೇಶದ ಗಡಿ ಬರೆಯುವುದನ್ನು ಕಲಿಸಿದವನು ಈ ವಯಸ್ಸಿನಲ್ಲಿ ಕಸ್ಟಮ್ಸಿನವರ ಮುಂದೆ 135 ಗ್ರಾಂ ಹಿಡಿದು ನಿಲ್ಲುವುದು ಬೇಡವೆಂದೆ. ನಿಷೇಧದಿಂದ ಬಿಡಿಭಾಗಗಳನ್ನು ಹೊರಗಿಟ್ಟಿದ್ದಾರೆ ಎಂಬ ಮಾತು ಕಿವಿಗೆ ಬಿದ್ದಿದ್ದೇ ಭಾವ ನೆಟ್ಟಗಾದರು. ಅಲ್ಲಿಯವರೆಗೆ ಇಡೀ ವಿಷಯದಲ್ಲಿ ಅವರಿಗೆ ರುಚಿಸಿದ್ದು ಇದೊಂದೇ.

“ಬಿಚ್ಚಿ ತರ್ಲಿ. ಜೋಡ್ಸೋಕೆ ನಾನಿದೀನಿ. ಒಂದು ಬೋಲ್ಟ್ ಹೆಚ್ಚಿಗೇನೇ ಹಾಕಿಕೊಡ್ತೀನಿ, ಗಟ್ಟಿ ಇರುತ್ತೆ.”

ಆ ಒಂದು ಬೋಲ್ಟಿಗೆ ಫ್ಲಿಪ್ ನ್ಯಾನೋದಿಂದ ಮೈಕ್ರೋಗೆ ಬಡ್ತಿ ಪಡೆಯುತ್ತದೆಂದು ಅವರಿಗೆ ತಿಳಿಹೇಳುವವರಿರಲಿಲ್ಲ.

ವಿಚಿತ್ರವೆಂದರೆ, ಎರಡೂ ಸಿಗುವುದಿಲ್ಲ ಎಂದು ಗೊತ್ತಾದ ಮೇಲೆ ನಮ್ಮ ವಿಮರ್ಶೆಗೆ ಇನ್ನಷ್ಟು ಕಳೆ ಬಂತು. ದುಡ್ಡಿನ ಭಯ ಹೋಗಿತ್ತಲ್ಲ. ನಾನು ಫ್ಲಿಪ್ ಪಕ್ಷ, ಹೆಂಡತಿ ನಿಯೋ ಪಕ್ಷ. ಕನ್ನಡ ಬಾರದಿದ್ದರೂ ಅಂಗೈ ಮೇಲೆ ಬಂದು ಕೂರುವ ಅದರ ವಿನಯ ಅವಳಿಗೆ ಹಿಡಿಸಿತ್ತು. ಹುಡುಗ ಈಗ ನಮ್ಮ ದೇಶದಲ್ಲೇ ಮಾಡಿದ ನ್ಯಾನೋಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತಿದ್ದಾನೆ. ಅವೂ ಎರಡೇ ಉಳಿದಿವೆಯಂತೆ.

ಈ ನಡುವೆ ಬೀದಿ ಬದಲಾಗಿಬಿಟ್ಟಿತು. ಪುರೋಹಿತರ ತಾರಸಿಯಲ್ಲಿದ್ದ ಮುರಿದ ತೊಟ್ಟಿಲು, ಹಳೇ ಟಿವಿ, ತಗಡಿನ ಡಬ್ಬಗಳು ಗುಜರಿಗೆ ಹೋದವು. ಹಿಂದಿನ ಮನೆಯವರು ಸೋರುವ ಮಾಡಿನ ಮೇಲೆ ಹೊದಿಸಿದ್ದ ತೂತು ಟಾರ್ಪಾಲು ತೆಗೆದು ಹೊಸ ನೀಲಿಯದು ಹಾಕಿದರು. ಮೇಲಿನಿಂದ ಕಾಣುತ್ತದಲ್ಲ! ಸಂಡಿಗೆ ಕೂಡ ಸಾಲಾಗಿ, ದುಂಡಗೆ ಬೀಳತೊಡಗಿದವು. ಎದುರುಮನೆಯವರಂತೂ ಇಡೀ ತಾರಸಿಗೆ ಹಸಿರು ನೆರಳುಬಲೆ ಬಿಗಿದರು. ಮೊನ್ನೆ ಹಾಲು ತರಲು ಹೊರಟಾಗ ಆ ಮನೆಯಮ್ಮ ಗೇಟಿನಲ್ಲೇ ಸಿಕ್ಕಿ, ಡ್ರೋನು ಯಾವಾಗ ಬರುತ್ತದೆಂದು ಕೇಳಿದರು. ಬರುವುದಿಲ್ಲ, ಬಿಟ್ಟೆವು ಎಂದೆ.

ಅವರು ತಲೆಯೆತ್ತಿ ತಮ್ಮ ಬಲೆಯನ್ನೊಮ್ಮೆ, ತಗ್ಗಿಸಿ ನನ್ನನ್ನೊಮ್ಮೆ ನೋಡಿದರು.

“ಕಂಬ, ಬಲೆ, ಕಟ್ಟೋ ಕೂಲಿ ಎಲ್ಲ ಬರೆದಿಟ್ಟಿದೀನಿ ಮೇಷ್ಟ್ರೇ. ಪೂರ್ತಿ ಕೊಡಿ ಅನ್ನಲ್ಲ. ಅರ್ಧ ಆದ್ರೂ ನಿಮ್ಮ ಲೆಕ್ಕಕ್ಕೆ ಬರಬೇಕಲ್ವಾ?”