ನಾಲ್ಕನೆಯ ಚಿಮಣಿ

“ಈ ನಾಲ್ಕರಲ್ಲಿ ಸುಳ್ಳು ಚಿಮಣಿ ಯಾವುದು, ಹೇಳಿ ನೋಡೋಣ?”

ನಂಜನಗೂಡಿನ ನನ್ನ ಷಡ್ಡಕರ ಮನೆಗೆ ಹೋದವರಿಗೆ ಕಾಫಿಗಿಂತ ಮೊದಲು ಸಿಗುವುದು ಈ ಪ್ರಶ್ನೆ. ಹೆಂಡತಿಯ ಅಕ್ಕನ ಗಂಡ, ನಾನು ಭಾವ ಎನ್ನುತ್ತೇನೆ. ಚಪ್ಪಲಿ ಬಿಟ್ಟು ತಲೆಯೆತ್ತಿದರೆ ಎದುರು ಗೋಡೆಯಲ್ಲಿ ಮೂರಡಿ ಅಗಲದ ಟೈಟಾನಿಕ್. ಸೋಫಾದ ಮೇಲ್ಗಡೆ ಗ್ರೇಟ್ ಈಸ್ಟರ್ನ್. ಊಟದ ಮೇಜಿನೆದುರು, 1931ರಲ್ಲಿ ಗಾಂಧೀಜಿಯನ್ನು ದುಂಡುಮೇಜಿನ ಪರಿಷತ್ತಿಗೆ ಕರೆದೊಯ್ದ ರಾಜಪುತಾನಾ. ದೇವರ ಮನೆ ಬಾಗಿಲ ಪಕ್ಕದಲ್ಲಿ ಪೆನಿನ್ಸುಲಾರ್, ಏಕೆಂದರೆ 1893ರ ಮೇ 31ರಂದು ವಿವೇಕಾನಂದರು ಮುಂಬಯಿಯಿಂದ ಹೊರಟಿದ್ದು ಅದರಲ್ಲಿ. ಶುಕ್ರವಾರ ಅದಕ್ಕೂ ಒಂದು ಹೂವು ಸಲ್ಲಬೇಕೆಂದು ಭಾವನವರ ವಾದ. ಅತ್ತಿಗೆ ಒಪ್ಪಿಲ್ಲ. “ತಗಡಿಗೆ ಯಾರಾದರೂ ಹೂವು ಏರಿಸ್ತಾರಾ?” ಅನ್ನುತ್ತಾರೆ.

ತಗಡು ಎಂದರೆ ಭಾವನವರಿಗೆ ಕೆಂಡದಂಥ ಕೋಪ. “ಮೆಟಲ್ ಪ್ರಿಂಟ್ ಕಣೇ!” ಎಂದು ಶುರುವಾದರೆ ಅರ್ಧ ಗಂಟೆ. ಮೊದಲು ಕಾಗದದ ಮೇಲೆ ಅಚ್ಚು, ಆ ಕಾಗದವನ್ನು ಲೇಪ ಹಾಕಿದ ಅಲ್ಯೂಮಿನಿಯಂ ಹಾಳೆಗೆ ಒತ್ತಿ ಸುಮಾರು 200 ಡಿಗ್ರಿ ಸೆಲ್ಸಿಯಸ್ ಕಾವು. ಮಂಗಳಾರತಿಯ ತಟ್ಟೆಯ ಕರ್ಪೂರ ನೀರಾಗದೆ ಗಾಳಿಯಾಗುವ ಹಾಗೆ ಶಾಯಿ ನೇರ ಆವಿಯಾಗಿ ಲೇಪದೊಳಕ್ಕೆ ಇಳಿದುಬಿಡುತ್ತದಂತೆ. “ಹಡಗೂ ಹಬೆಯದು, ಚಿತ್ರವೂ ಹಬೆಯದು! ಗಾಜು ಬೇಡ, ಚೌಕಟ್ಟು ಬೇಡ, ಒದ್ದೆ ಬಟ್ಟೇಲಿ ಒರೆಸಿ, ಏನೂ ಆಗಲ್ಲ. ತಗಡು ನೆನೆಯಲ್ಲ ಕಣ್ರೀ.” ಆವೇಶ ಏರಿದಾಗ ತಾವೇ ತಗಡು ಅನ್ನುತ್ತಾರೆ.

ಬೇರೆಯವರ ಗೋಡೆ ಕಂಡು ನಗುವ ಯೋಗ್ಯತೆ ನನಗೂ ಇಲ್ಲ. ತಿ. ನರಸೀಪುರದ ನಮ್ಮ ನಡುಮನೆಯಲ್ಲಿ ಇಪ್ಪತ್ತು ವರ್ಷದಿಂದ ಸ್ವಿಟ್ಜರ್ಲೆಂಡಿನ ಹಿಮಪರ್ವತದ ಕಾಗದ ಅಂಟಿಕೊಂಡಿದೆ. ಒಂದು ಮೂಲೆ ಬಿಟ್ಟುಕೊಂಡಿದ್ದು, ಆಲ್ಪ್ಸ್ ಹಿಂದೆ ಹಲ್ಲಿಯೊಂದು ಸಂಸಾರ ಹೂಡಿದೆ. ಆದರೆ ನಾನು ಬಂದವರನ್ನು ನಿಲ್ಲಿಸಿಕೊಂಡು ಪರೀಕ್ಷೆ ಮಾಡುವುದಿಲ್ಲ.

ಆ ಚಿಮಣಿ ಪ್ರಶ್ನೆಗೆ ಬರುತ್ತೇನೆ. ಮೊದಲ ಸಲ ನನಗೆ ನಿಜಕ್ಕೂ ಗೊತ್ತಿರಲಿಲ್ಲ. ಉತ್ತರ: ಹಿಂದಿನದು, ನಾಲ್ಕನೆಯದು. ಬಾಯ್ಲರಿನ ಹೊಗೆ ಮುಂದಿನ ಮೂರರಲ್ಲೇ ಹೋಗುತ್ತಿತ್ತು. ನಾಲ್ಕನೆಯದು ಗಾಳಿಯಾಡಲಿಕ್ಕೆ, ಅಡುಗೆಮನೆ ಹೊಗೆಗೆ, ಮುಖ್ಯವಾಗಿ ಗತ್ತಿಗೆ. ಎರಡನೆಯ ಭೇಟಿಯಲ್ಲಿ ಮತ್ತೆ ಕೇಳಿದರು. ನಾನು ಪೆದ್ದನ ಹಾಗೆ ಸರಿಯುತ್ತರ ಹೇಳಿಬಿಟ್ಟೆ. ಭಾವನವರ ಮುಖ ಸಣ್ಣಗಾಯಿತು. ಊಟಕ್ಕೆ ಕೂತಾಗಲೂ ಮಾತಿಲ್ಲ. ನನಗೆಂದೇ ತರಿಸಿಟ್ಟಿದ್ದ ರಸಬಾಳೆ ಬುಟ್ಟಿಯಿಂದ ಹೊರಗೇ ಬರಲಿಲ್ಲ. ಹೊರಡುವಾಗ ಅತ್ತಿಗೆ ಬಾಗಿಲಲ್ಲಿ ಪಿಸುಗುಟ್ಟಿದರು: “ಎರಡನೆಯದು ಅಂತ ಹೇಳಿಬಿಡಿ, ಏನು ಗಂಟು ಹೋಗುತ್ತೆ?” ಅಂದಿನಿಂದ ಏಳೆಂಟು ಸಲ “ಎರಡನೆಯದಾ ಭಾವ?” ಎಂದು ಸೋತಿದ್ದೇನೆ. ಪ್ರತಿ ಸಲವೂ ಹಣ್ಣು ಸಿಕ್ಕಿದೆ.

ಈ ಒಪ್ಪಂದ ಕೆಡಿಸಿದ್ದು ನನ್ನ ಮಗಳು. ಚಿತ್ರದ ಮುಂದೆ ನಿಂತು, ಫೋನಿನಲ್ಲಿ ಏನನ್ನೋ ಹೋಲಿಸಿ, “ದೊಡ್ಡಪ್ಪಾ, ಇದು ಟೈಟಾನಿಕ್ ಅಲ್ಲ, ಒಲಿಂಪಿಕ್,” ಎಂದಳು. ಟೈಟಾನಿಕ್ಕಿನ ಮೇಲಂತಸ್ತಿನ ಓಡಾಟದ ಜಗಲಿಗೆ ಮುಂದಿನ ಅರ್ಧದಲ್ಲಿ ಕಿಟಕಿ ಹಾಕಿ ಮುಚ್ಚಿದ್ದರಂತೆ. ಒಲಿಂಪಿಕ್ಕಿನದು ಉದ್ದಕ್ಕೂ ತೆರೆದದ್ದು. ಭಾವನವರ ಗೋಡೆಯ ಮೇಲಿದ್ದುದು ಉದ್ದಕ್ಕೂ ತೆರೆದದ್ದೇ. ಮುಳುಗದೆ 1935ರವರೆಗೆ ದುಡಿದು ಕೊನೆಗೆ ಗುಜರಿಗೆ ಹೋದ ಹಡಗು. ನಮ್ಮ ನಿಮ್ಮ ಹಾಗೆ ಪಿಂಚಣಿಯವರೆಗೆ ಬಂದದ್ದು. ವಾರವಿಡೀ ಫೋನಿಲ್ಲ. ಆಮೇಲೆ ತಾವೇ ಕರೆದು ಹೇಳಿದರು: “ಟೈಟಾನಿಕ್ಕಿನ ಅಕ್ಕ ಅಂತೆ ಕಣ್ರೀ. ಅಕ್ಕನಿಗೂ ಚಿಮಣಿ ನಾಲ್ಕೇ. ನಾಲ್ಕನೆಯದು ಇಲ್ಲೂ ಸುಳ್ಳೇ.”

“ಹಬೆ ಬೇಕಿದ್ದರೆ ನಿಮ್ಮೂರಿನದೇ ಹಾಕಿ,” ಎಂದೆ ಒಮ್ಮೆ. 1735ರಲ್ಲಿ ದಳವಾಯಿ ಕಟ್ಟಿಸಿದ ಕಪಿಲೆಯ ಸೇತುವೆಯ ಮೇಲೆ ಹೊಗೆಬಂಡಿ ಓಡಾಡಿದ ಊರು ಇದು. ಕಲ್ಲಿನ ಕಮಾನು, ಹೊಗೆ, ಕೆಳಗೆ ನದಿ, ಇನ್ನೇನು ಬೇಕು? ಭಾವನವರು ನನ್ನನ್ನು ಕನಿಕರದಿಂದ ನೋಡಿದರು. “ರೈಲು ತೇಲುತ್ತೇನ್ರೀ?”

ತೇಲುವುದರ ವಿಷಯದಲ್ಲಿ ಅವರ ಸ್ವಂತ ಅನುಭವ ಹದಿನೈದು ನಿಮಿಷದ್ದು. ಕುಂಭಮೇಳಕ್ಕೆ ಬಂದಿದ್ದಾಗ ಕಾವೇರಿ ಕಪಿಲೆ ಕೂಡುವಲ್ಲಿ ಹರಿಗೋಲು ಹತ್ತಿಸಿದ್ದೆ. ಅಂಚನ್ನು ಎರಡು ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಗುಂಜಾ ನರಸಿಂಹಸ್ವಾಮಿಯನ್ನು ಕೂಗಿಕೊಂಡರು. “ಸುಮ್ಕೆ ಕುಂತ್ಕಳಿ ಸಾಮಿ, ಸೊಂಟ್ದುದ್ದ ನೀರದೆ,” ಎಂದ ಹುಟ್ಟು ಹಾಕುವವನು.

ನಗುತ್ತಿದ್ದೆ. 2019ರ ಆಗಸ್ಟ್ ನೆನಪಿಗೆ ಬರುವವರೆಗೆ. ಆಗ ಅವರಿದ್ದದ್ದು ಹೊಳೆಗೆ ಹತ್ತಿರದ ತಗ್ಗು ಬೀದಿಯ ಹಳೇ ಮನೆ. ಕಬಿನಿಯಿಂದ ನೀರು ಬಿಟ್ಟರು, ಹದಿನಾರು ಕಾಲು ಮಂಟಪ ಮುಳುಗಿತು, ಮೈಸೂರು ರಸ್ತೆಯೂ ಬಂದಾಯಿತು. ಇವರು ಉಟ್ಟ ಬಟ್ಟೆಯಲ್ಲಿ ಹೊರಟಿದ್ದರು. ನೀರಿಳಿದ ಮೇಲೆ ಕೆಸರು ಬಳಿಯಲು ನಾನೂ ಹೋಗಿದ್ದೆ. ಗೋಡೆಯ ಫೋಟೋಗಳೆಲ್ಲ ಗಾಜಿಗೆ ಅಂಟಿಕೊಂಡಿದ್ದವು. ಭಾವನವರು ತಮ್ಮ ತಂದೆಯದನ್ನು ಮೆಲ್ಲಗೆ ಬಿಡಿಸಹೋದರು. ಮೀಸೆ ಗಾಜಿನ ಕಡೆ ಬಂತು, ಕಣ್ಣು ಕಾಗದದಲ್ಲೇ ಉಳಿಯಿತು. ಅವರ ಬಳಿ ಇದ್ದದ್ದು ಅದೊಂದೇ.

ತಗಡು ನೆನೆಯಲ್ಲ ಎಂಬ ಮಾತನ್ನು ನಾನು ಎಷ್ಟೋ ವರ್ಷ ಅಂಗಡಿಯವನ ಮಾತಿನ ಹಾಗೆ ಕೇಳಿಸಿಕೊಂಡಿದ್ದೆ.

ಹೋದ ವರ್ಷ ನಮ್ಮ ಬೀರು ತೆಗೆದು ನನ್ನ ಮದುವೆಯ ಗುಂಪು ಫೋಟೋ ಹುಡುಕಿ ಕೊಟ್ಟುಬಂದೆ. ಯುಗಾದಿಗೆ ಹೋದಾಗ ಎದುರು ಗೋಡೆಯಿಂದ ಒಲಿಂಪಿಕ್ ಅಡುಗೆಮನೆ ಕಡೆಗೆ ಸರಿದಿತ್ತು. ಅದರ ಜಾಗದಲ್ಲಿ ಮೂರಡಿ ಅಗಲದ ನಮ್ಮ ಮದುವೆ, ಮಿರಮಿರ ಮಿನುಗುವ ಅಲ್ಯೂಮಿನಿಯಂನಲ್ಲಿ.

“ಹಿಂದಿನ ಸಾಲಿನಲ್ಲಿ ನಮ್ಮಪ್ಪ ಯಾರು, ಹೇಳಿ ನೋಡೋಣ?”

ಎಡದಿಂದ ನಾಲ್ಕನೆಯವರು. ಅದೇ ಮೀಸೆ. ನನಗೆ ಗೊತ್ತಿಲ್ಲದೆ ಏನು?

“ಎರಡನೆಯವರಾ ಭಾವ?” ಎಂದೆ.

“ಅಯ್ಯೋ, ಅದು ಅಡುಗೆಯವರು ಕಣ್ರೀ!” ಎಂದು ಭಾವನವರು ಕುರ್ಚಿಯಿಂದ ಎದ್ದೇಬಿಟ್ಟರು. ಅತ್ತಿಗೆ ಒಳಗಿನಿಂದ ಹಣ್ಣಿನ ಬುಟ್ಟಿ ತಂದರು.