ಲಂಡನ್ನಿನ ಕಹಳೆ, ಕುಲಗೋಡದ ಭಾಮೆ

ಐವತ್ತು ದಾಟಿದ ಗಂಡಸಿಗೆ ಬಿಪಿ, ಶುಗರ್ ಆದಮೇಲೆ ಬರುವ ಮೂರನೆಯ ಕಾಯಿಲೆ ಸಂಶೋಧನೆ. ಕೆಲವರು ವಂಶವೃಕ್ಷ ಹುಡುಕುತ್ತಾರೆ, ಕೆಲವರು ಸಿರಿಧಾನ್ಯದ ಬೆನ್ನು ಹತ್ತುತ್ತಾರೆ. ನನಗೆ ಗಂಟುಬಿದ್ದದ್ದು ಜೂನ್ ಬ್ರೈಡ್ಸ್ ಎಂಬ ಲಂಡನ್ನಿನ ಹಳೇ ಬ್ಯಾಂಡು. 1983ರಲ್ಲಿ ಹುಟ್ಟಿ, 1985ರಲ್ಲಿ ಪುಟ್ಟದೊಂದು ಆಲ್ಬಂ ಮಾಡಿ, ಸ್ಮಿತ್ಸ್‌ನಂಥ ದೊಡ್ಡವರ ಕಾರ್ಯಕ್ರಮಕ್ಕೆ ಮುಂಚಿತವಾಗಿ ಹಾಡಿ, 1986ಕ್ಕೆ ಒಡೆದು ಹೋದವರು. ಅದೇ ವರ್ಷ ಎನ್‌ಎಂಇ ಎಂಬ ಅಲ್ಲಿಯ ವಾರಪತ್ರಿಕೆ 22 ತಂಡಗಳ ಒಂದೊಂದು ಹಾಡು ಕೂಡಿಸಿ ಸಿ86 ಅಂತ ಕ್ಯಾಸೆಟ್ ತಂದಿತು. ಇವರನ್ನೂ ಕರೆದರು, ಇವರು ಒಲ್ಲೆ ಅಂದರು. ಆ ಕ್ಯಾಸೆಟ್ಟಿನ ಹೆಸರೇ ಮುಂದೆ ಒಂದು ಸಂಗೀತದ ಕುಲಕ್ಕೆ ಅಂಟಿಕೊಂಡಿತು. ಕರೆದ ಮದುವೆಗೆ ಹೋಗದೆ ಬಿಗುಮಾನ ಮಾಡಿದವರು ಆಮೇಲೆ ಯಾವ ಫೋಟೋದಲ್ಲೂ ಸಿಗುವುದಿಲ್ಲ.

ಗಿಟಾರಿನ ನಡುವೆ ಕಹಳೆ, ವಯೋಲಾ ಸೇರಿಸಿದ್ದು ಇವರ ವೈಶಿಷ್ಟ್ಯ. ಗೋಕಾಕದ ನಮ್ಮ ಮನೆಯ ಪಡಸಾಲೆಯಲ್ಲಿ ಆ ಕಹಳೆ ಮೊಳಗಿದ ಕೂಡಲೇ ಅವ್ವ ಸೆರಗು ಸರಿಮಾಡಿಕೊಂಡು ಬಾಗಿಲಿಗೆ ಹೋದಳು, ಯಾರದೋ ಮೆರವಣಿಗೆ ಬಂತೆಂದು. ಏನೂ ಕಾಣದೆ ತಿರುಗಿ ಬಂದು ನನ್ನನ್ನು ನೋಡಿದ ನೋಟವನ್ನು ನಾನು ಸಂಗೀತ ವಿಮರ್ಶೆ ಎಂದೇ ಸ್ವೀಕರಿಸಿದೆ.

"ಜಗತ್ತು ಮರೆತ ರತ್ನಗಳು ಇವರು" ಎಂದು ಅಡುಗೆಮನೆಯ ಕಡೆ ಮುಖ ಮಾಡಿ ಘೋಷಿಸಿದೆ. ರೊಟ್ಟಿ ಬಡಿಯುವ ಸದ್ದು ನಿಂತಿತು.

"ಮರೆಯೂದಂದ್ರ ಹ್ಯಾಂಗಿರತೈತಿ ಅಂತ ನೋಡಬೇಕಾದ್ರ ಲಂಡನ್‌ಗ ಯಾಕ ಹೋಗ್ತೀರಿ? ಅಟ್ಟ ಹತ್ರಿ."

ಅಟ್ಟದ ಮೇಲೆ ಒಂದು ಚೀಲ. ಅದನ್ನು ನಾನು ಬಲ್ಲೆ. ಗಾಳಿಗೆ ಬಡಿದುಕೊಳ್ಳುವ ಕಿಟಕಿಗೆ ಒತ್ತಾಗಿ ಇಟ್ಟವನು ನಾನೇ. ಒಳಗಿದ್ದದ್ದು ಪಾರಿಜಾತದ ಕ್ಯಾಸೆಟ್ಟುಗಳು. ನನ್ನ ಹೆಂಡತಿಯ ತವರು ಕುಲಗೋಡ. ಎಂಬತ್ತರ ದಶಕದಲ್ಲಿ ನಮ್ಮ ಮಾವ ಜಾತ್ರೆಯ ಆಟದ ಮುಂದೆ ಟೇಪ್ ರಿಕಾರ್ಡರ್ ಇಟ್ಟುಕೊಂಡು ಕೂತು ತುಂಬಿಸಿಕೊಂಡ ಸರಕು ಅದು. ಬಾಸಿಂಗ, ಬೋಗುಣಿಗಳ ಜೊತೆ ಅದೂ ನಮ್ಮ ಮನೆಗೆ ಬಂದಿತ್ತು.

ಕುಲಗೋಡ ಈಗ ಮೂಡಲಗಿ ತಾಲೂಕು. ಅಪರಾಳ ತಮ್ಮಣ್ಣ ಬರೆದ ಶ್ರೀಕೃಷ್ಣ ಪಾರಿಜಾತವನ್ನು ತಿದ್ದಿ ತೀಡಿ ಬಯಲಿಗೆ ಇಳಿಸಿದ ಕುಲಗೋಡ ತಮ್ಮಣ್ಣನ ಊರು. ಆ ಆಟದಲ್ಲಿ ಹೆಸರು ಮಾಡಿದ ಕೌಜಲಗಿ ನಿಂಗಮ್ಮನ ಊರೂ ಇದೇ ಸೀಮೆ. ಇಷ್ಟು ಹತ್ತಿರದಲ್ಲಿದ್ದೂ ನಾನು ಸಂಶೋಧನೆಗೆ ಇಂಗ್ಲೆಂಡನ್ನು ಆರಿಸಿಕೊಂಡದ್ದಕ್ಕೆ ಕಾರಣ ಸರಳ: ಅಲ್ಲಿಗೆ ಬಸ್ಸು ಹತ್ತಬೇಕಿಲ್ಲ, ಒಂದು ಬೆರಳು ಸಾಕು.

ಟೇಪ್ ರಿಕಾರ್ಡರಿನ ರಬ್ಬರ್ ಬೆಲ್ಟು ಕರಗಿ ಬೆಲ್ಲದ ಪಾಕವಾಗಿತ್ತು. ರಿಪೇರಿ ಬಲ್ಲ ಷಡ್ಡಕ ಇರುವುದು ಹುಕ್ಕೇರಿಯಲ್ಲಿ. ಅವನು ಬೆಲ್ಟು ಬದಲಿಸಿ, ಹೆಡ್ಡಿಗೆ ಸ್ಪಿರಿಟ್ ಹಚ್ಚಿ ಒರೆಸಿ, ಗುಂಡಿ ಒತ್ತಿದ. ಹಾರ್ಮೋನಿಯಂ ಎದ್ದು ಕೂತಿತು. "ದನಿ ಹ್ಯಾಂಗ ಬಂತು ನೋಡ್ರಿ! ನಮ್ಮ ಕರೆಂಟ್ ನಮ್ಮ ಸೊಸೈಟಿದು, 1969ರಿಂದ" ಎಂದ. ಹುಕ್ಕೇರಿಯಲ್ಲಿ ವಿದ್ಯುತ್ ಹಂಚುವುದು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಎಂಬುದು ನಿಜ. ತಬಲಾದ ಶ್ರುತಿಯನ್ನೂ ಅದೇ ಕೂಡಿಸುತ್ತದೆ ಎಂದು ನಾನು ಒಪ್ಪಲಿಲ್ಲ. ಆದರೆ ರಿಪೇರಿ ಪುಕ್ಕಟೆಯಾದ್ದರಿಂದ ತಲೆ ಅಲ್ಲಾಡಿಸಿದೆ.

ಕಥೆ ನಿಮಗೆ ಗೊತ್ತೇ ಇದೆ. ನಾರದ ದೇವಲೋಕದಿಂದ ಒಂದೇ ಒಂದು ಪಾರಿಜಾತದ ಹೂ ತರುತ್ತಾನೆ, ಕೃಷ್ಣ ಅದನ್ನು ರುಕ್ಮಿಣಿಗೆ ಕೊಡುತ್ತಾನೆ, ಸತ್ಯಭಾಮೆ ಸಿಡಿಯುತ್ತಾಳೆ. ಆ ಸಿಟ್ಟಿನ ಮೇಲೆ ಆಟ ಬೆಳತನಕ ನಡೆಯುತ್ತದೆ. ಜೂನ್ ಬ್ರೈಡ್ಸ್ ಆಲ್ಬಂ ಅರ್ಧ ತಾಸಿನೊಳಗೆ ಮುಗಿದುಹೋಗುತ್ತದೆ; ಅಷ್ಟು ಹೊತ್ತಿನಲ್ಲಿ ನಮ್ಮ ಭಾಮೆ ಇನ್ನೂ ರಂಗಕ್ಕೇ ಬಂದಿರುವುದಿಲ್ಲ. ಟೇಪಿನಲ್ಲಿ ಭಾಮೆ ಒಂದು ಸಾಲು ಎತ್ತಿದರೆ ಅಡುಗೆಮನೆಯಿಂದ ಮುಂದಿನ ಸಾಲು ಬರುತ್ತಿತ್ತು, ಒಂದಕ್ಷರ ತಪ್ಪದೆ. ಇಷ್ಟು ವರ್ಷ ಕೂಡಿ ಬಾಳಿದ ಹೆಂಗಸಿಗೆ ಇಡೀ ಆಟ ಬಾಯಿಪಾಠ ಎಂಬುದು ನನಗೆ ಗೊತ್ತಿರಲಿಲ್ಲ. ಲಂಡನ್ನಿನಲ್ಲಿ ವಯೋಲಾ ಬಾರಿಸಿದವನ ಹೆಸರು ಗೊತ್ತು.

ಆ ಶುಕ್ರವಾರವೇ ನಾನು ಪೇಟೆಯಿಂದ ಒಂದು ಮಾರು ಮಲ್ಲಿಗೆ ತಂದೆ. ಅವ್ವ ಅದನ್ನು ಕಸಿದುಕೊಂಡು ದೇವರಿಗೆ ಏರಿಸಿದಳು. ಹೆಂಡತಿ ಏನೂ ಅನ್ನಲಿಲ್ಲ. ಏನೂ ಅನ್ನದೆ ಟೇಪಿನ ವಾಲ್ಯೂಮ್ ಏರಿಸಿದಳು, ಭಾಮೆ ಗಂಡನನ್ನು ಜಾಡಿಸುವ ಭಾಗಕ್ಕೆ ಸರಿಯಾಗಿ. ಕೃಷ್ಣನಿಗಾದರೂ ನಡುವೆ ಓಡಾಡಿ ಸಮಾಧಾನ ಹೇಳಲು ದೂತಿ ಇದ್ದಳು. ಆ ಪಾತ್ರವನ್ನು ಭಾಗವತ ನಿಭಾಯಿಸುತ್ತಾನೆ, ಚಪ್ಪಾಳೆಯೂ ಅವನಿಗೇ ಹೆಚ್ಚು. ನಮ್ಮ ಮನೆಯಲ್ಲಿ ದೂತಿಯೂ ನಾನೇ, ಬೈಸಿಕೊಳ್ಳುವ ಕೃಷ್ಣನೂ ನಾನೇ, ಟೇಪು ಸಿಕ್ಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತುವವನೂ ನಾನೇ. ಚಪ್ಪಾಳೆ ಮಾತ್ರ ಇನ್ನೂ ಬಂದಿಲ್ಲ.

ಒಂದೇ ತೊಡಕು. ಭಾಮೆಯ ಸಿಟ್ಟು ಇನ್ನೂ ನೆತ್ತಿಯಲ್ಲಿರುವಾಗಲೇ ನಮ್ಮ ಕೊನೆಯ ಕ್ಯಾಸೆಟ್ಟು ಮುಗಿಯುತ್ತದೆ. ಅವಳು ಶಾಂತಳಾಗುವ ಭಾಗ ಚೀಲದಲ್ಲಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಓದುಗರಲ್ಲಿ ಯಾರ ಅಟ್ಟದಲ್ಲಾದರೂ ಆ ಭಾಗ ಇದ್ದರೆ ದಯವಿಟ್ಟು ಬೇಗ ತಿಳಿಸಿ. ಬದಲಿಗೆ ಜೂನ್ ಬ್ರೈಡ್ಸ್ ಪೂರ್ತಿ ಕೊಡುತ್ತೇನೆ.