ಹತ್ತು ತುಂಬಿದ ಮನೆ

(ಬೆಂಗಳೂರಿನ ವಿಜಯನಗರ. ‘ಟು-ಲೆಟ್’ ಬೋರ್ಡಿನ ಕೆಳಗೆ ಹುಬ್ಬಳ್ಳಿ ಹುಡುಗ, ಮನೆ ಬ್ರೋಕರ್.)

ಹುಡುಗ: ಬಾಡಿಗಿ ಎಷ್ಟ್ರೀ?

ಬ್ರೋಕರ್: 20,000. ಅಡ್ವಾನ್ಸು ಬರೀ 2 ಲಕ್ಷ.

ಹುಡುಗ: ಹತ್ತು ತಿಂಗಳದ್ದಾ! ಒಂಬತ್ತಕ್ಕ ಕೂಸ ಹುಟ್ಟತೈತಲ್ರೀ.

ಬ್ರೋಕರ್: ಕೂಸು ಹುಟ್ಟುತ್ತೆ ಸಾರ್. ಕೀಲಿಕೈ ಹುಟ್ಟೋಕೆ ಹತ್ತು ತುಂಬಬೇಕು.

ಹುಡುಗ: ದಿಲ್ಲ್ಯಾಗ ನಮ್ಮ ಕಾಕಾ ಎರಡು ತಿಂಗಳದ್ದಷ್ಟ ಕೊಟ್ಟಾರ್ರೀ.

ಬ್ರೋಕರ್: ಅಲ್ಲಿ ಉಸಿರಾಡೋಕೆ ಗಾಳಿ ಇಲ್ಲ. ಇಲ್ಲಿ ಗಾಳಿ ಇದೆ, ಉಸಿರು ಓನರ್ ಹತ್ರ ಡೆಪಾಸಿಟ್ಟು.

ಹುಡುಗ: 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆನೂ ವಾಸದ ಮನಿಗೆ ಎರಡ ತಿಂಗಳು ಅಂತೈತಿ.

ಬ್ರೋಕರ್: ‘ಮಾದರಿ’ ತಾನೇ? ಮಾದರಿ ಮತಪತ್ರದಲ್ಲಿ ಯಾರಾದ್ರೂ ಓಟು ಹಾಕ್ತಾರಾ?

ಹುಡುಗ: ಹೋಗ್ಲಿ, ಬಿಡುವಾಗ ಪೂರಾ ವಾಪಸ್ ಬರ್ತೈತಿಲ್ರೀ?

ಬ್ರೋಕರ್: ಒಂದು ತಿಂಗಳದ್ದು ಪೇಂಟಿಂಗಿಗೆ ಮುರ್ಕೋತಾರೆ.

ಹುಡುಗ: ಆರ ತಿಂಗಳಿದ್ರೂ?

ಬ್ರೋಕರ್: ಆರು ದಿನ ಇದ್ರೂ. ಓನರ್ ಬಣ್ಣ ಗೊತ್ತಾಗೋದೇ ಆವಾಗ.

ಹುಡುಗ: ಖಾಲಿ ಮನಿ ಅಂದ್ರಿ, ಒಳಗ ಯಾರೋ ಕುಂತಾರಲ್ರೀ?

ಬ್ರೋಕರ್: ಹಳೇ ಬಾಡಿಗೆದಾರ. ನೀವು ಅಡ್ವಾನ್ಸ್ ಕೊಟ್ಟ ತಕ್ಷಣ, ಇಸ್ಕೊಂಡು ಎದ್ದು ಹೋಗ್ತಾರೆ.